ಜಗದ್ವ್ಯಾಪ್ತನು ಜಗತ್ತಲ್ಲ

ದೇವರೂ ಪ್ರಕೃತಿಯೂ ಒಂದೇ ದ್ರವ್ಯವೆಂದು ಹಾಲೆಂಡಿನ ತತ್ತ್ವಜ್ಞಾನಿ ಸ್ಪಿನೋಜನು (೧೬೩೨–೧೬೭೭) ಪ್ರತಿಪಾದಿಸಿದನು. ನಮ್ಮ ದೇಶದಲ್ಲಿಯೂ ಬ್ರಹ್ಮವೇ ಜಗದ್ರೂಪವಾಗಿ ಪರಿಣಮಿಸಿತೆಂಬ ಪಕ್ಷವು ಪ್ರಾಚೀನವಾದುದು.

ಶ್ರೀಮದಾಚಾರ್ಯರು ಇದನ್ನು ಒಪ್ಪಲಿಲ್ಲ. ಮಣ್ಣು ಗಡಿಗೆಯಾಗುವುದು, ಕುಂಬಾರನು ಗಡಿಗೆಯಾಗನು. ಅಂತೆಯೇ ಜಡಪ್ರಕೃತಿಯು ಜಗತ್ತಿಗೆ ಉಪಾದಾನಕಾರಣ, ಶ್ರೀಹರಿಯು ನಿಮಿತ್ತಕಾರಣ. ಆದರೆ ಕುಂಬಾರನು ಗಡಿಗೆಯ ಹೊರಗೇ ಉಳಿಯುವನು. ಶ್ರೀಹರಿಯಾದರೋ ಅಣುವಣುವಿನಲ್ಲಿ ನೆಲೆಸಿ ಅದಕ್ಕೆ ಸತ್ತೆಯನ್ನೂ ಪ್ರವೃತ್ತಿಯನ್ನೂ ಕೊಡುವನು.

ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಶಿಷ್ಯರೂ ಮಾನವಿ ಸೀಮೆಯ ಬ್ಯಾಗವಾಟದವರೂ ಆದ ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ವ್ಯಾಪ್ತಿಗೆಂದೇ ಒಂದು ಸಂಧಿಯನ್ನು ಮೀಸಲಿಟ್ಟರು. ಅದೇ ಗ್ರಂಥದಲ್ಲಿ ಪಂಚಭೇದವನ್ನೂ ಸಾರಿದರು. ಎರಡನ್ನೂ ಕೂಡಿಯೇ ತಿಳಿಯತಕ್ಕದ್ದು. ವ್ಯಾಪ್ತಿಯನ್ನು ಮಾತ್ರ ಹಿಡಿದರೆ ಐಕ್ಯದ ಭ್ರಮೆ ಹುಟ್ಟುವುದು. ಭೇದವನ್ನು ಮಾತ್ರ ಹಿಡಿದರೆ ದೇವರು ದೂರದವನಾಗಿ ತೋರುವನು.

ದೇವದುರ್ಗದ ಕಡೆ ಕೃಷ್ಣೆ, ಮಾನವಿಯ ಕಡೆ ತುಂಗಭದ್ರೆ ನಮ್ಮ ನಾಡನ್ನು ಪೊರೆಯುತ್ತಿರುವರು. ನೀರೇ ದೇವರೆಂದರೆ, ಬೇಸಗೆಯಲ್ಲಿ ಬತ್ತುವ ನೀರಿನೊಡನೆ ದೇವರೂ ಕ್ಷೀಣಿಸಬೇಕಾಗುವುದು. ಆಗ ಮಳೆಗಾಗಿ ನಾವು ಮೊರೆಯಿಡುವುದು ಯಾರಲ್ಲಿ? ನೀರೊಳಗಿದ್ದೂ ನೀರಿಗೆ ಅಧೀನನಲ್ಲದವನಲ್ಲಿಯೇ. ಆದಕಾರಣ ಸ್ನಾನಕಾಲದಲ್ಲಿ ನದೀದೇವತೆಗೆ ವಂದಿಸಿ, ಆಕೆಯ ಅಂತರ್ಗತನಾದ ನಾರಾಯಣನನ್ನು ಸ್ಮರಿಸೋಣ.

ಶ್ರೀಕೃಷ್ಣಾರ್ಪಣಮಸ್ತು.