ತಿರುವಿನಲ್ಲಿ ಬೈಕ್ ಜಾರುವುದೇಕೆ?



ಪ್ರಥಮ ಪಿಯುಸಿ ಭೌತಶಾಸ್ತ್ರದ ‘ಚಲನೆಯ ನಿಯಮಗಳು’ ಅಧ್ಯಾಯದಲ್ಲಿ ತಿರುವಿನಲ್ಲಿ ಸಾಗುವ ವಾಹನದ ಗರಿಷ್ಠ ವೇಗದ ಸೂತ್ರವಿದೆ. ಪರೀಕ್ಷೆಗೆಂದು ಎಲ್ಲರೂ ಅದನ್ನು ಬಾಯಿಪಾಠ ಮಾಡುತ್ತೀರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಓಡಾಡುವ ನಿಮಗೆ ಅದು ಅಂಕಕ್ಕಿಂತ ಹೆಚ್ಚಿನ ವಿಷಯ. ಈ ಸಲ ಅದನ್ನು ಬೈಕಿನ ಲೆಕ್ಕದಲ್ಲಿ ನೋಡೋಣ.

ತಿರುಗಿಸುವ ಬಲ

ಚಲಿಸುವ ವಸ್ತು ನೇರವಾಗಿಯೇ ಹೋಗಬಯಸುತ್ತದೆ. ಅದನ್ನು ತಿರುಗಿಸಲು ಒಳಮುಖವಾದ ಕೇಂದ್ರಾಭಿಮುಖ ಬಲ ಬೇಕು. ಸಮತಟ್ಟು ರಸ್ತೆಯಲ್ಲಿ ಆ ಬಲವನ್ನು ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ವೇಗ ಎರಡು ಪಟ್ಟಾದರೆ ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಆದರೆ ಘರ್ಷಣೆಗೆ ಒಂದು ಮಿತಿಯಿದೆ.

ಗರಿಷ್ಠ ವೇಗದ ವರ್ಗ = ಘರ್ಷಣಾ ಗುಣಾಂಕ × ತ್ರಿಜ್ಯ × ಗುರುತ್ವ ವೇಗೋತ್ಕರ್ಷ

ಇಲ್ಲಿ ವಾಹನದ ತೂಕ ಬರುವುದೇ ಇಲ್ಲ. ‘ನನ್ನದು ಚಿಕ್ಕ ಬೈಕ್, ಏನೂ ಆಗಲ್ಲ’ ಎಂಬ ಮಾತನ್ನು ಸೂತ್ರ ಒಪ್ಪುವುದಿಲ್ಲ.

20 ಮೀಟರ್ ತ್ರಿಜ್ಯದ ಹಳ್ಳಿ ರಸ್ತೆಯ ತಿರುವನ್ನು ತೆಗೆದುಕೊಳ್ಳಿ. ಗುರುತ್ವ ವೇಗೋತ್ಕರ್ಷ 9.8 ಇರಲಿ.

ಒಣ ಡಾಂಬರು, ಗುಣಾಂಕ 0.7 ಎಂದರೆ: ಗಂಟೆಗೆ ಸುಮಾರು 42 ಕಿ.ಮೀ.
ಒದ್ದೆ ರಸ್ತೆ, 0.4 ಎಂದರೆ: ಸುಮಾರು 32 ಕಿ.ಮೀ.
ಮರಳು ಅಥವಾ ಕಾಳು ಹರಡಿದ ರಸ್ತೆ, 0.2 ಎಂದರೆ: ಸುಮಾರು 22 ಕಿ.ಮೀ.

ತಿರುವು ಅದೇ, ಬೈಕೂ ಅದೇ. ರಸ್ತೆಯ ಮೇಲೆ ಬಿದ್ದಿರುವುದಷ್ಟೇ ಬದಲಾಗಿದೆ.

ಒಂದು ಉದಾಹರಣೆ

ಮೆಕ್ಕೆಜೋಳ ಕಟಾವಿನ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೊನ್ನಾಳಿ ಕಡೆಯಿಂದ ಊರಿಗೆ ಹೋಗುವಾಗ ಬಿದ್ದ. ಈಗ ಡಿಗ್ರಿ ಓದುತ್ತಿರುವವನು. 100 ಸಿಸಿ ಬೈಕ್, ಲೈಸೆನ್ಸ್ ಇತ್ತು, ಹೆಲ್ಮೆಟ್ ಪಟ್ಟಿಯನ್ನೂ ಬಿಗಿದಿದ್ದ. ತಿರುವಿನಲ್ಲಿ ಬೈಕ್ ವಾಲಿಸಿದ ಮೇಲೆ ಒಣಗಲು ಹರಡಿದ್ದ ಕಾಳು ಕಂಡಿತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿಹಿಡಿದ. ಮುಂದಿನ ಚಕ್ರ ಜಾರಿತು, ಭುಜದ ಮೂಳೆ ಮುರಿಯಿತು.

ಕೈಗೆ ಜೋಲಿ ಕಟ್ಟಿಕೊಂಡು ಕಾಲೇಜಿಗೆ ಬಂದವನು, “ಸ್ಪೀಡ್ ಇರಲಿಲ್ಲ ಸರ್, ನಲವತ್ತರಲ್ಲೇ ಇದ್ದೆ. ಅಬ್ಬಾ ನಂಬ್ತಾ ಇಲ್ಲ” ಎಂದ. ನಾನು ಬೋರ್ಡಿನ ಮೇಲೆ ಮೇಲಿನ ಲೆಕ್ಕವನ್ನೇ ಅವನಿಂದ ಮಾಡಿಸಿದೆ. 22 ಎಂದು ಉತ್ತರ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ಪೂರ್ತಿ ಅಂಕ ತಗೊಂಡಿದ್ದೆ” ಎಂದ.

ಅವನು ಹೇಳಿದ್ದು ಸುಳ್ಳಲ್ಲ. ನೇರ ರಸ್ತೆಯಲ್ಲಿ 40 ನಿಧಾನವೇ. ಆ ತಿರುವಿನಲ್ಲಿ ಮಾತ್ರ ಅದು ಮಿತಿಯ ಸುಮಾರು ಎರಡು ಪಟ್ಟು. ಜೊತೆಗೆ ಬ್ರೇಕ್ ಬೇರೆ. ಟೈರಿನ ಹಿಡಿತ ಒಂದು ಬಟ್ಟಲ ಅನ್ನದಂತೆ: ತಿರುಗಲು ಎಷ್ಟು ಬಡಿಸಿದೆವೋ ಬ್ರೇಕಿಗೆ ಅಷ್ಟು ಕಡಿಮೆ ಉಳಿಯುತ್ತದೆ. ಇಬ್ಬರೂ ಪೂರ್ತಿ ಕೇಳಿದರೆ ಚಕ್ರ ಜಾರುತ್ತದೆ.

ನೆನಪಿಡಬೇಕಾದದ್ದು

1. ವೇಗ ಇಳಿಸುವುದು ತಿರುವಿಗೆ ಮೊದಲು, ಬೈಕ್ ನೆಟ್ಟಗಿರುವಾಗ.
2. ನೋಟ ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆಗಿರಲಿ. ಮರಳು, ಕಾಳು, ಅಡಿಕೆ ಸಿಪ್ಪೆ ಮೊದಲೇ ಕಾಣುತ್ತದೆ.
3. ತಿರುವಿನ ಮಧ್ಯೆ ಕಾಳು ಕಂಡರೆ ಬ್ರೇಕನ್ನು ಥಟ್ಟನೆ ಹಿಡಿಯಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಜಾಗವಿದ್ದರೆ ಬೈಕನ್ನು ನೆಟ್ಟಗೆ ಮಾಡಿ, ಆಮೇಲೆ ಹಗುರವಾಗಿ ಬ್ರೇಕ್ ಹಾಕಿ.
4. ಮನೆಯಲ್ಲಿ ಜೋಳ, ರಾಗಿ ಒಣಗಿಸುವವರಿಗೆ ಈ ಲೆಕ್ಕ ತೋರಿಸಿ. ಕಣವಿಲ್ಲದ ಕಷ್ಟ ನಿಜ. ಆದರೂ ಕಾಳು ರಸ್ತೆಗೆ, ಅದರಲ್ಲೂ ತಿರುವಿಗೆ, ಬರಬಾರದು.
5. 18 ತುಂಬದವರು ಗೇರ್ ಬೈಕ್ ಓಡಿಸುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಅಭ್ಯಾಸ

ನಿಮ್ಮ ಊರಿನ ದಾರಿಯ ಒಂದು ತಿರುವಿನ ತ್ರಿಜ್ಯ 30 ಮೀಟರ್ ಎಂದುಕೊಳ್ಳಿ. ಕಾಳು ಹರಡಿದಾಗ ಅಲ್ಲಿ ಗರಿಷ್ಠ ವೇಗ ಎಷ್ಟು? ಗಂಟೆಗೆ ಸುಮಾರು 28 ಕಿ.ಮೀ. ಬರಬೇಕು. ಉತ್ತರವನ್ನು ಮನೆಯಲ್ಲಿ ಬೈಕ್ ಓಡಿಸುವವರಿಗೂ ಹೇಳಿ.