ಬೈಕಿನ ಹಿಂದಿನ ಹಲ್ಲುಚಕ್ರ ಏಕೆ ದೊಡ್ಡದು?

ಮಕ್ಕಳೇ, ಸೈಕಲ್ಲಿನಲ್ಲಿ ಪೆಡಲ್ ಬಳಿಯ ಹಲ್ಲುಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ಬೈಕಿನಲ್ಲಿ ಇದಕ್ಕೆ ತದ್ವಿರುದ್ಧ. 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಲ್ಲೂ ಹಾಗೆಯೇ. ಏಕೆ?

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಬಿಸಿ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಇದರಿಂದ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಆದರೆ ಕೆರೆಬಿಳಚಿಯಿಂದ ಅಡಿಕೆ ಚೀಲ ಹೊತ್ತು ಹೊರಟ ಬೈಕಿಗೆ ಮೊದಲು ಬೇಕಾದದ್ದು ಎಳೆಯುವ ಬಲ. ಗೇರುಗಳು ಸುತ್ತು ತಗ್ಗಿಸಿ ಬಲ ಹೆಚ್ಚಿಸುತ್ತವೆ. ಹಿಂದಿನ ದೊಡ್ಡ ಹಲ್ಲುಚಕ್ರದ ಕೆಲಸವೂ ಅದೇ. ಮುಂದೆ 14, ಹಿಂದೆ 42 ಹಲ್ಲುಗಳಿದ್ದರೆ, ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂದಿನದು ಒಂದೇ ಸುತ್ತು! ಸೈಕಲ್ ತುಳಿಯುವ ಕಾಲು ನಿಧಾನ. ಅಲ್ಲಿ ಬೇಕಾದದ್ದು ವೇಗ.

ಎಚ್ಚರಿಕೆ: ಬೈಕಿನ ಹಿಂದೆ ಕೂತಾಗ ಸೆರಗು, ವೇಲ್ ಇಳಿಬಿಡಬೇಡಿ. ಚೈನಿಗೋ ಚಕ್ರಕ್ಕೋ ಸಿಕ್ಕಿ ಕುತ್ತಿಗೆ ಬಿಗಿದರೆ ಪ್ರಾಣಾಪಾಯ.

ಮಾಡಿ ನೋಡಿ: ನಿಂತ ಸೈಕಲ್ಲಿನ ಎರಡೂ ಹಲ್ಲುಚಕ್ರಗಳ ಹಲ್ಲು ಎಣಿಸಿ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಎಷ್ಟು ಸುತ್ತು?