ಆಟದ ಪೆಟ್ಟಿಗೆಗೆ ಎಂಥ ಕಂಪ್ಯೂಟರು?

ಮೇಜಿನ ಮೇಲೆ ಕೂರುವಂಥ ಆರ್ಕೇಡ್ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಬೇಕೆಂದು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: ‘ಯಾವ ರಾಸ್ಪ್‌ಬೆರಿ ಪೈ ಕಂಪ್ಯೂಟರು ತಗೊಳ್ಳಲಿ?’ ಯಾವ ಆಟ ಆಡಬೇಕು ಅಂತಿದ್ದೀರಿ ಎಂದು ನಾನು ತಿರುಗಿ ಕೇಳುತ್ತೇನೆ. ನಮ್ಮ ಮನೆಗೊಂದು, ಅಕ್ಕನ ಮನೆಗೊಂದು, ಆಮೇಲೆ ಗೆಳೆಯರಿಗೂ ಪೆಟ್ಟಿಗೆ ಮಾಡಿಕೊಟ್ಟ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಕಂಪ್ಯೂಟರನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು. ಎಂಥದ್ದು ಬೇಕೆಂದು ಆಟ ಹೇಳುತ್ತದೆ, ಪರದೆ ಹೇಳುತ್ತದೆ, ಮನೆಯ ಕರೆಂಟು ಹೇಳುತ್ತದೆ.

ನನ್ನ ವಯಸ್ಸಿನವರ ಪಟ್ಟಿಯಲ್ಲಿ ಮೊದಲು ಬರುವುದು ‘ಮುಸ್ತಫಾ’. ವಿಡಿಯೋ ಗೇಮ್ ಪಾರ್ಲರಿನಲ್ಲಿ ನಾವೆಲ್ಲ ಹಾಗೆ ಕರೆಯುತ್ತಿದ್ದ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತಂದದ್ದು. ಓಡಿಬಂದು ಒದೆಯುವ ಆ ಟೋಪಿಯವನನ್ನೇ ಎಲ್ಲರೂ ಆರಿಸಿಕೊಳ್ಳುತ್ತಿದ್ದರಿಂದ ಆಟಕ್ಕೂ ಅವನ ಹೆಸರೇ ನಿಂತಿತು. 1991ರ ‘ಸ್ಟ್ರೀಟ್ ಫೈಟರ್ 2’ ಕೂಡ ಇದೇ ಕುಟುಂಬದ ಬೋರ್ಡಿನ ಮೇಲೆ ಓಡುತ್ತಿತ್ತು. ಅದರ ಮುಖ್ಯ ಚಿಪ್ಪು ಮೊಟೊರೊಲಾ 68000, ವೇಗ ಹತ್ತು ಮೆಗಾಹರ್ಟ್ಸ್ ಆಸುಪಾಸು. 1980ರ ‘ಪ್ಯಾಕ್‌ಮ್ಯಾನ್’ ಅಂತೂ ಮೂರು ಮೆಗಾಹರ್ಟ್ಸ್‌ನ ಝಡ್80 ಚಿಪ್ಪಿನಲ್ಲೇ ಮುಗಿಸಿತ್ತು. ಹಳೆಯ ಬೋರ್ಡಿನ ಒಂದೊಂದು ಚಿಪ್ಪಿನ ನಡೆಯನ್ನೂ ಸಾಫ್ಟ್‌ವೇರಿನಲ್ಲಿ ಅನುಕರಿಸಲು ಮೂಲ ಯಂತ್ರಕ್ಕಿಂತ ಎಷ್ಟೋ ಪಟ್ಟು ಶಕ್ತಿ ಬೇಕಾಗುತ್ತದೆ, ನಿಜ. ಆದರೂ 2018ರ ಪೈ 3ಬಿ ಪ್ಲಸ್‌ನ 1.4 ಗಿಗಾಹರ್ಟ್ಸ್ ಈ ಆಟಗಳಿಗೆ ಸಾಕು. ಪ್ಲೇಸ್ಟೇಷನ್ನಿನ ‘ಟೆಕ್ಕೆನ್ 3’ ಪಟ್ಟಿಗೆ ಸೇರಿದರೆ 2019ರ ಪೈ 4 ನಿರಾಳ. ಎರಡು ಜಿಬಿ ರ‍್ಯಾಮ್ ಇರುವುದನ್ನು ತಂದರೆ ಆಯಿತು. ಎಂಟು ಜಿಬಿಗೆ ಸುರಿಯುವ ದುಡ್ಡನ್ನು ಒಳ್ಳೆಯ ಜಾಯ್‌ಸ್ಟಿಕ್ಕಿಗೆ ಹಾಕಿ. ಕೈಗೆ ಸಿಗುವುದು ಜಾಯ್‌ಸ್ಟಿಕ್, ರ‍್ಯಾಮ್ ಅಲ್ಲ.

ಹೆಚ್ಚಿನ ಶಕ್ತಿ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗ ಬೇರೆ ಇದೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಗುದ್ದು ಬಿದ್ದದ್ದಕ್ಕೂ ನಡುವೆ ಒಂದು ತಡ ಇರುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರ ಮೂಡುವಾಗ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್, ಅಂಥ ನಾಲ್ಕೈದು ಚಿತ್ರದಷ್ಟು ತಡವಾದರೆ ಪಾರ್ಲರಿನಲ್ಲಿ ಆಡಿ ಪಳಗಿದ ಕೈಗೆ ತಕ್ಷಣ ಗೊತ್ತಾಗುತ್ತದೆ. ರೆಟ್ರೋಆರ್ಚ್ ಸಾಫ್ಟ್‌ವೇರಿನಲ್ಲಿ ರನ್‌ಅಹೆಡ್ ಎಂಬ ಸೌಲಭ್ಯವಿದೆ. ಆಟವನ್ನು ಒಂದೆರಡು ಚಿತ್ರ ಮುಂದಕ್ಕೆ ಓಡಿಸಿ, ಆ ಮುಂದಿನ ಚಿತ್ರವನ್ನೇ ತೋರಿಸಿ ಅದು ತಡವನ್ನು ತಗ್ಗಿಸುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾದ್ದರಿಂದ ಪ್ರೊಸೆಸರಿನ ಮೇಲೆ ಹೊರೆ ದುಪ್ಪಟ್ಟು, ಮುಪ್ಪಟ್ಟು. ‘ಸ್ಟ್ರೀಟ್ ಫೈಟರ್’ ಅನ್ನು ಮನಸ್ಸಿಟ್ಟು ಆಡುವವರು ಇದೊಂದಕ್ಕಾಗಿ ಮೇಲಿನ ಮಾದರಿ ಕೊಂಡರೆ ನಾನು ಬೇಡ ಎನ್ನುವುದಿಲ್ಲ.

ಪರದೆಗೆ ನನ್ನ ಆಯ್ಕೆ ಹಳೆಯ ಚೌಕಾಕಾರದ ಹದಿನೇಳು ಇಂಚಿನ ಎಲ್‌ಸಿಡಿ ಮಾನಿಟರ್. ಕಚೇರಿಗಳು ಹೊರಹಾಕಿದ ಇಂಥವು ಬೆಂಗಳೂರಿನ ಎಸ್‌.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುತ್ತವೆ. ಅದರ ಅಳತೆ 1280×1024 ಚುಕ್ಕೆ. ಪಾರ್ಲರಿನ 4:3 ಚಿತ್ರ ಅದರಲ್ಲಿ 1280×960 ಆಗಿ ಕೂರುತ್ತದೆ. ಮೇಲೆ ಕೆಳಗೆ 32 ಸಾಲಿನಷ್ಟು ತೆಳುವಾದ ಕಪ್ಪು ಪಟ್ಟಿ, ಅಷ್ಟೇ. ಅಗಲ ಪರದೆಯಲ್ಲಿ ಹಾಗಲ್ಲ, ಎರಡೂ ಪಕ್ಕದಲ್ಲಿ ಜಾಗ ಖಾಲಿ ಬಿದ್ದು ಪೆಟ್ಟಿಗೆಯೂ ಸುಮ್ಮನೆ ಅಗಲವಾಗುತ್ತದೆ. ಇಲ್ಲಿ ಕಂಪ್ಯೂಟರಿನ ವಿಷಯ ಬರುತ್ತದೆ: ಇಂಥ ಮಾನಿಟರುಗಳಲ್ಲಿ ಹಲವಕ್ಕೆ ಇರುವುದು ವಿಜಿಎ ಒಂದೇ, ಪೈಯಲ್ಲಿ ಇರುವುದು ಎಚ್‌ಡಿಎಂಐ. ನಡುವೆ ಒಳಗೇ ಚಿಪ್ಪು ಇರುವ ಅಡಾಪ್ಟರ್ ಬೇಕು, ಬರೀ ವೈರು ಜೋಡಿಸಿದ ಕೇಬಲ್ ಕೆಲಸ ಮಾಡದು. ಧ್ವನಿಯನ್ನೂ ಮೊದಲೇ ಯೋಚಿಸಿ. ಪೈ 4ರಲ್ಲಿ 3.5 ಮಿ.ಮೀ. ಆಡಿಯೋ ಜ್ಯಾಕ್ ಇದೆ, 2023ರಲ್ಲಿ ಬಂದ ಪೈ 5ರಲ್ಲಿ ಇಲ್ಲ.

ಇನ್ನು ಕರೆಂಟು. ನಮ್ಮ ಊರುಗಳಲ್ಲಿ ಇದೇ ದೊಡ್ಡ ಪರೀಕ್ಷೆ. ಮೆಮೊರಿ ಕಾರ್ಡಿಗೆ ಏನೋ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡು ಕೆಟ್ಟು, ಮರುದಿನ ಪೆಟ್ಟಿಗೆ ಏಳುವುದೇ ಇಲ್ಲ. ಕಾರ್ಡನ್ನು ಓದಲಷ್ಟೇ ಬಿಡುವ ಓವರ್‌ಲೇ ವ್ಯವಸ್ಥೆ ಹಾಕಬಹುದು, ಆದರೆ ಆಗ ಮಕ್ಕಳು ಕಷ್ಟಪಟ್ಟು ಮಾಡಿದ ಹೈಸ್ಕೋರ್ ಉಳಿಯುವುದಿಲ್ಲ. ಅದು ನನಗೆ ಒಪ್ಪಿಗೆಯಾಗದ ಬೆಲೆ. ಅದಕ್ಕೇ ಪೈ ಮೇಲಿನ ಐದು ಮತ್ತು ಆರನೆಯ ಪಿನ್ನುಗಳಿಗೆ ಒಂದು ಸಾದಾ ಗುಂಡಿ ಜೋಡಿಸಿ, ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸುತ್ತೇನೆ. ಒತ್ತಿದರೆ ಕ್ರಮವಾಗಿ ಆಫ್ ಆಗುತ್ತದೆ, ಮತ್ತೆ ಒತ್ತಿದರೆ ಏಳುತ್ತದೆ. ಹಠಾತ್ತನೆ ಕರೆಂಟು ಹೋಗುವುದಕ್ಕೆ ಯುಪಿಎಸ್ ಇರುವ ಪ್ಲಗ್ಗೇ ಗತಿ. ಮೊಬೈಲ್ ಚಾರ್ಜರಿನಿಂದ ಪೈ ಓಡಿಸಲು ಹೋಗಬೇಡಿ. ಪೈ 4ಕ್ಕೆ ಐದು ವೋಲ್ಟಿನಲ್ಲಿ ಮೂರು ಆಂಪ್ ಬೇಕು. ತೆಳು ವೈರಿನಲ್ಲಿ ವೋಲ್ಟೇಜ್ ಇಳಿದಾಗ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಮೂಡಿ ಆಟ ನಿಧಾನವಾಗುತ್ತದೆ. ಮುಚ್ಚಿದ ಪ್ಲೈವುಡ್ ಪೆಟ್ಟಿಗೆಯ ಸೆಖೆಯೂ ಹಾಗೇ: 80 ಡಿಗ್ರಿ ಮುಟ್ಟಿದರೆ ಪೈ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ತಳದಲ್ಲೂ ಬೆನ್ನಿನ ಮೇಲ್ಭಾಗದಲ್ಲೂ ಗಾಳಿಗೆ ತೂತು ಬಿಡಲು ಬಡಗಿಗೆ ಮೊದಲೇ ಹೇಳಿ.

2021ರಲ್ಲಿ ಚಿಪ್ಪುಗಳ ಬರ ಬಿದ್ದು ಪೈ ಸಿಗುವುದೇ ಕಷ್ಟವಾಯಿತು. ಆ ಅಕ್ಟೋಬರಿನಲ್ಲಿ ಎರಡು ಜಿಬಿ ಪೈ 4ರ ಬೆಲೆಯನ್ನು ಕಂಪನಿಯೇ 35ರಿಂದ 45 ಡಾಲರಿಗೆ ಏರಿಸಿತು. ಹಳೆಯ ಮಿನಿ ಪಿಸಿಗಳ ಕಡೆ ನಾನು ತಿರುಗಿದ್ದು ಆಗ. ಲೆನೊವೊ ಟೈನಿ, ಡೆಲ್ ಮೈಕ್ರೋದಂಥವು ಸುಮಾರು ಹದಿನೆಂಟು ಸೆಂಟಿಮೀಟರ್ ಚೌಕ, ಮೂರೂವರೆ ಸೆಂಟಿಮೀಟರ್ ದಪ್ಪ. ಒಳಗೆ ಎಸ್‌ಎಸ್‌ಡಿ, ಮುಂದೆ ಆಡಿಯೋ ಜ್ಯಾಕ್, ಹಲವು ಮಾದರಿಗಳಲ್ಲಿ ವಿಜಿಎ ಕೂಡ ಇರುತ್ತದೆ. ಕರೆಂಟು ಬಂದ ಕೂಡಲೇ ತಾನೇ ಏಳುವ ಹಾಗೆ ಬಯಾಸ್‌ನಲ್ಲಿ ಹೊಂದಿಸಿದರೆ ಇಡೀ ಪೆಟ್ಟಿಗೆಯನ್ನು ಆನ್ ಮಾಡಲು ಗೋಡೆಯ ಸ್ವಿಚ್ಚು ಒಂದೇ ಸಾಕು. ಪಿಎಸ್‌ಪಿ, ಡ್ರೀಮ್‌ಕಾಸ್ಟ್ ಆಟ ಬೇಕೆನ್ನುವವರಿಗೆ ನಾನು ಇದನ್ನೇ ಹೇಳುವುದು. ಕೊಳ್ಳುವ ಮುಂಚೆ, ಹಳೆಯ ಆಟಗಳನ್ನು ಓಡಿಸುವ ಬಟೊಸೆರಾ ಎಂಬ ಸಾಫ್ಟ್‌ವೇರ್ ಹಾಕಿದ ಪೆನ್‌ಡ್ರೈವ್ ಒಂದನ್ನು ಅಂಗಡಿಗೆ ಒಯ್ಯಿರಿ. ಅದು ಪೆನ್‌ಡ್ರೈವಿನಿಂದಲೇ ಓಡುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅತಿ ಭಾರದ ಆಟ ಯಾವುದೋ ಅದನ್ನು ಅಂಗಡಿಯವರ ಎದುರೇ ಹತ್ತು ನಿಮಿಷ ಓಡಿಸಿ, ಫ್ಯಾನಿನ ಸದ್ದು ಕೇಳಿ, ಆಮೇಲೆ ದುಡ್ಡು ಕೊಡಿ.

ಇಷ್ಟೆಲ್ಲ ನೋಡಿ ಆರಿಸಿದ ಕಂಪ್ಯೂಟರೂ ಕೆಲವು ವರ್ಷಕ್ಕೆ ಹಳತಾಗುತ್ತದೆ. ಪೆಟ್ಟಿಗೆ ಹಾಗಲ್ಲ, ಒಳ್ಳೆಯ ಪ್ಲೈವುಡ್ಡಿನಲ್ಲಿ ಮಾಡಿದರೆ ಬಹುಕಾಲ ಬರುತ್ತದೆ. ಹಾಗಾಗಿ ಹಿಂಬದಿಯ ಹಲಗೆಗೆ ಅಂಟು, ಮೊಳೆ ಬೇಡ. ಎರಡು ಕೀಲು, ಒಂದು ಚಿಲಕ ಹಾಕಿಸಿ.